ಪತನಕ್ಕೆ ಏಳು ಕಾರಣಗಳು

ಸೊಸೆಯನ್ನು ಮನೆಗೆ ಕರೆತರುವ ಕೆಲಸಕ್ಕೆ ಚಂದ್ರಮೋಹನ್ ಮೇಷ್ಟ್ರಿಗಿಂತ ಕೈಲಾಗದವರು ಇಡೀ ಸಿಡ್ನಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಇದು ಅವರಿಗೂ ಗೊತ್ತಿತ್ತು, ಅವರ ಹೆಂಡತಿ ಸಾವಿತ್ರಿಗೂ ಗೊತ್ತಿತ್ತು. ಆದರೂ ೨೦೦೭ರ ಮೇ ತಿಂಗಳ ಕೊನೆಯ ಸೋಮವಾರ ಅವರನ್ನೇ ಮೆಲ್ಬರ್ನಿನ ವಿಮಾನ ಹತ್ತಿಸಲಾಯಿತು. ಬೇರೆ ಯಾರನ್ನು ಕಳಿಸುವುದು? ಮಗ ಚಿರಂತನ್ ಹೋಗುವುದಿಲ್ಲ ಎಂದಿದ್ದ. ಅದನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಸಾವಿತ್ರಿ ಆ ಮಾತೆತ್ತಿದಾಗಲೆಲ್ಲ ಲ್ಯಾಪ್‌ಟಾಪ್ ಮುಚ್ಚಿ ಗ್ಯಾರೇಜಿಗೆ ಹೋಗಿಬಿಡುತ್ತಿದ್ದ. ಕನ್ನಡ ಸಂಘದ ಹಿರಿಯರನ್ನು ಕಳಿಸೋಣವೆಂದರೆ, ಸಂಘದ ಪಾಲಿಗೆ ಸೊಸೆ ಅಪರ್ಣ ಮನೆ ಬಿಟ್ಟು ಹೋಗಿಯೇ ಇರಲಿಲ್ಲ.

ಪೆಂಡಲ್ ಹಿಲ್‌ನ ದಿನಸಿ ಅಂಗಡಿಯಲ್ಲಿ ಯಾರಾದರೂ ‘ಅಪರ್ಣ ಕಾಣಿಸ್ತಾನೇ ಇಲ್ವಲ್ಲ ಆಂಟಿ’ ಎಂದರೆ ಸಾವಿತ್ರಿ ತೊಗರಿಬೇಳೆಯ ಪ್ಯಾಕೆಟ್ಟನ್ನು ತಿರುಗಿಸಿ ನೋಡುತ್ತ, ‘ಮೆಲ್ಬರ್ನ್‌ಗೆ ಟ್ರಾನ್ಸ್‌ಫರ್ ಆಗಿದೆ, ಕೌನ್ಸಿಲ್ ಲೈಬ್ರರಿ ಕೆಲಸ ನೋಡಿ, ಒಂದು ವರ್ಷದ ಮಟ್ಟಿಗೆ’ ಎನ್ನುತ್ತಿದ್ದರು. ಸಿಡ್ನಿಯ ಬ್ಲ್ಯಾಕ್‌ಟೌನ್ ಪುರಸಭೆಯ ಲೈಬ್ರರಿಯವರು ಮೆಲ್ಬರ್ನಿಗೆ ಹೇಗೆ ಟ್ರಾನ್ಸ್‌ಫರ್ ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಕೇಳದೆ ಬಿಟ್ಟಿದ್ದರಿಂದಲೇ ಎಲ್ಲರಿಗೂ ವಿಷಯ ಗೊತ್ತಿದೆ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಈಗ ಆ ಒಂದು ವರ್ಷವೇ ಮುಗಿಯುತ್ತ ಬಂದಿತ್ತು. ಗಂಡ ಹೆಂಡತಿ ಹನ್ನೆರಡು ತಿಂಗಳು ಬೇರೆಯಾಗಿದ್ದರೆ ಈ ದೇಶದಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ತಪ್ಪು ಯಾರದು ಎಂದು ಯಾರೂ ಕೇಳುವುದಿಲ್ಲ. ಅಪರ್ಣ ಮಗಳು ಸಂಯುಕ್ತಾಳನ್ನು ಕರೆದುಕೊಂಡು ಹೊರಟದ್ದು ಹಿಂದಿನ ವರ್ಷದ ಜೂನಿನಲ್ಲಿ. ಅರ್ಜಿ ಹಾಕುವ ಮೊದಲು ಅವಳನ್ನು ಮನೆಗೆ ತರಬೇಕು. ಮೇಷ್ಟ್ರಿಗೆ ಒಪ್ಪಿಸಿದ ಕೆಲಸ ಇಷ್ಟೇ.

ಮೇಷ್ಟ್ರು ಮೈಸೂರಿನ ಕಾಲೇಜೊಂದರಲ್ಲಿ ಇಡೀ ಆಯುಷ್ಯ ಬಿ.ಎ. ಹುಡುಗರಿಗೆ ಚರಿತ್ರೆ ಪಾಠ ಮಾಡಿ ನಿವೃತ್ತರಾಗಿ ಮಗನ ಜೊತೆ ಇರಲು ಬಂದವರು. ‘ಬೈಜಾಂಟಿಯಂ ಸಾಮ್ರಾಜ್ಯದ ಏಳಿಗೆ ಮತ್ತು ಪತನ’ ಎಂಬುದು ಅವರ ಪತ್ರಿಕೆಯಲ್ಲಿ ಹದಿನಾರು ಅಂಕದ ಪ್ರಶ್ನೆ. ಒಂದು ವರ್ಷ ಬಿಟ್ಟು ಒಂದು ವರ್ಷ ಬರುತ್ತಿತ್ತು. ಸಾವಿರದ ನೂರು ವರ್ಷ ಬಾಳಿದ ಸಾಮ್ರಾಜ್ಯಕ್ಕೆ ಸಿಲಬಸ್ ಮಾಡಿದವರು ಮೂರು ತರಗತಿ ಕೊಟ್ಟಿದ್ದರು. ಒಂದರಲ್ಲಿ ಏಳಿಗೆ, ಒಂದರಲ್ಲಿ ಆಡಳಿತ, ಒಂದರಲ್ಲಿ ಪತನಕ್ಕೆ ಏಳು ಕಾರಣಗಳು. ದುರ್ಬಲ ಉತ್ತರಾಧಿಕಾರಿಗಳು, ಅಂತಃಕಲಹ, ಮತಭೇದ, ಬರಿದಾದ ಬೊಕ್ಕಸ ಎಂದು ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ಹೇಳುತ್ತಿದ್ದರು, ಹುಡುಗರು ಬರೆದುಕೊಳ್ಳುತ್ತಿದ್ದರು. ಅದರ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಎಲ್ಲಿದೆ ಎಂದು ಆ ಹುಡುಗರಿಗೆ ಗೊತ್ತಿರಲಿಲ್ಲ. ಮೇಷ್ಟ್ರೂ ಅದನ್ನು ಕಣ್ಣಾರೆ ಕಂಡವರಲ್ಲ. ಆದರೂ ಆ ಊರಿನ ಮೇಲೆ ಅವರಿಗೆ ಒಂದು ಬಗೆಯ ಮೋಹ.

ಅಪರ್ಣ ಅವರ ವಿದ್ಯಾರ್ಥಿನಿ. ಎರಡನೆಯ ವರ್ಷದ ಟೆಸ್ಟಿನಲ್ಲಿ ಅವಳು ಏಳು ಕಾರಣಗಳನ್ನೂ ಒಪ್ಪವಾಗಿ ಬರೆದು, ಕೆಳಗೆ ತನ್ನದೇ ಒಂದು ಸಾಲು ಸೇರಿಸಿದ್ದಳು: ‘ಈ ಕಾರಣಗಳೆಲ್ಲ ಮುನ್ನೂರು ವರ್ಷ ಮೊದಲೂ ಇದ್ದವು, ಆಗ ಯಾಕೆ ಬೀಳಲಿಲ್ಲ ಎಂಬುದು ತಿಳಿಯುವುದಿಲ್ಲ.’ ಮೇಷ್ಟ್ರು ಆ ಸಾಲನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದರು. ಸಂಜೆ ಮನೆಗೆ ಬಂದು ಸಾವಿತ್ರಿಗೂ ಓದಿದರು. ಅಪರ್ಣಳ ಪದವಿ ಮುಗಿಯುತ್ತಿದ್ದಂತೆ ಜಾತಕ ತರಿಸಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಚಿರಂತನ್‌ಗೆ ತೋರಿಸಿದರು. ಮದುವೆಯಾಗಿ, ಸಿಡ್ನಿಗೆ ಬಂದು, ಮಗಳಾಗಿ, ಲೈಬ್ರರಿ ಕೋರ್ಸ್ ಮುಗಿಸಿ ಕೆಲಸ ಹಿಡಿದ ಮೇಲೂ ಅಪರ್ಣ ಮಾವನನ್ನು ‘ಸರ್’ ಎಂದೇ ಕರೆಯುತ್ತಿದ್ದಳು. ಸಾವಿತ್ರಿ ಎಷ್ಟು ತಿದ್ದಿದರೂ ಅದು ಬದಲಾಗಲಿಲ್ಲ. ಮೇಷ್ಟ್ರಿಗೆ ಅದು ಬದಲಾಗುವುದೂ ಬೇಕಿರಲಿಲ್ಲ.

ಇಷ್ಟು ಓದಿಕೊಂಡ ಮನುಷ್ಯನಿಗೆ ತನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಜಗಳವಿರಲಿಲ್ಲ, ಏರಿದ ದನಿಯಿರಲಿಲ್ಲ. ಚಿರಂತನ್ ಚಾಟ್ಸ್‌ವುಡ್‌ನ ಆಫೀಸಿನಿಂದ ಬಂದು, ಊಟ ಮಾಡಿ, ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ. ಅಂಥ ಒಳ್ಳೆಯ ಹುಡುಗ. ಒಂದು ಭಾನುವಾರ ಅಪರ್ಣ ಎರಡು ಸೂಟ್‌ಕೇಸ್ ತಂದು ಹಾಲಿನಲ್ಲಿಟ್ಟು, ‘ಹೋಗಿಬರ್ತೀನಿ ಸರ್’ ಎಂದಾಗ ಮೇಷ್ಟ್ರು ಪೇಪರಿನಿಂದ ತಲೆಯೆತ್ತಿ, ‘ಹೋಗಿ ಬಾಮ್ಮ’ ಎಂದಿದ್ದರು. ಶಾಲೆಯ ರಜೆಗೆ ಎಲ್ಲೋ ಹೊರಟಿದ್ದಾಳೆ ಎಂದುಕೊಂಡಿದ್ದರು.

ವಿಮಾನದಲ್ಲಿ ಕೂತು ಅವರು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳಲು ನೋಡಿದರು. ಅದರ ಬದಲು ಮ್ಯಾನ್ಯುಯೆಲ್ ಚಕ್ರವರ್ತಿ ನೆನಪಾದ. ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರದ ಸುತ್ತ ಕೂತಿದ್ದಾಗ ಈ ಮ್ಯಾನ್ಯುಯೆಲ್ ಪಶ್ಚಿಮದ ರಾಜರ ಹತ್ತಿರ ಸೈನ್ಯ ಬೇಡಲು ತಾನೇ ಹೊರಟ. ಪ್ಯಾರಿಸಿನಲ್ಲಿ ಅವನಿಗೆ ಏರಲು ಬಿಳಿ ಕುದುರೆ ಕೊಟ್ಟರು. ಲಂಡನ್ನಿನಲ್ಲಿ ಕ್ರಿಸ್ಮಸ್ಸಿಗೆ ಭಾರಿ ಔತಣ ಮಾಡಿದರು. ಹೋದಲ್ಲೆಲ್ಲ ಜನ ಇಂಥ ದೊಡ್ಡ ಮನುಷ್ಯ ಬೇಡಲು ಬಂದನಲ್ಲ ಎಂದು ಮರುಗಿದರು. ನಗರ ಉಳಿಸಿಕೊಳ್ಳಲು ಬೇಕಾದ ಸೈನ್ಯವನ್ನು ಮಾತ್ರ ಯಾರೂ ಕೊಡಲಿಲ್ಲ. ‘ಊಟಕ್ಕೇನೂ ಕಮ್ಮಿ ಮಾಡ್ಲಿಲ್ಲ ಕಣ್ರಯ್ಯ’ ಎಂದು ಮೇಷ್ಟ್ರು ತರಗತಿಯಲ್ಲಿ ಹೇಳುತ್ತಿದ್ದರು, ಹಿಂದಿನ ಬೆಂಚಿನವರು ನಗುತ್ತಿದ್ದರು. ಆ ತಮಾಷೆ ಅವತ್ತು ಅವರಿಗೇ ಹಿಡಿಸಲಿಲ್ಲ.

ಮೆಲ್ಬರ್ನಿನಲ್ಲಿ ಚಳಿ ಸಿಡ್ನಿಗಿಂತ ಜೋರಾಗಿತ್ತು. ಅಪರ್ಣ ಸಂಯುಕ್ತಾಳ ಜೊತೆ ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ಸಂಯುಕ್ತಾಗೆ ಹತ್ತು ವರ್ಷ. ಒಂದು ವರ್ಷದಲ್ಲಿ ಅಜ್ಜನ ಭುಜದ ಹತ್ತಿರಕ್ಕೆ ಬೆಳೆದುಬಿಟ್ಟಿದ್ದಳು. ಅಪರ್ಣ ಎಲ್ಲರೆದುರಿಗೇ ಬಗ್ಗಿ ಕಾಲು ಮುಟ್ಟಿದಳು. ಅವಳು ಮುಟ್ಟದಿದ್ದರೆ ತಾವು ಸಿಟ್ಟಾಗಿ, ಆ ಸಿಟ್ಟಿನಲ್ಲೇ ಮಾತು ಶುರು ಮಾಡಬಹುದಿತ್ತು ಎಂದು ಮೇಷ್ಟ್ರಿಗೆ ಅನ್ನಿಸಿತು.

ಓಕ್ಲೀ ಎಂಬ ಸಬರ್ಬ್. ಮುಂದೆ ಸ್ಟಾವ್ರೋಲಾ ಎಂಬ ಗ್ರೀಕ್ ಮುದುಕಿಯ ಮನೆ, ಹಿತ್ತಲಲ್ಲಿ ಅವಳು ಅಪರ್ಣಳಿಗೆ ಬಾಡಿಗೆಗೆ ಕೊಟ್ಟ ಎರಡು ಕೋಣೆಯ ಯೂನಿಟ್. ಒಂದು ಕೋಣೆಯನ್ನು ಮೇಷ್ಟ್ರಿಗೆಂದು ಬಿಟ್ಟು ತಾಯಿ ಮಗಳು ಇನ್ನೊಂದಕ್ಕೆ ಸೇರಿಕೊಂಡಿದ್ದರು. ಹೊಸ ಕಂಬಳಿ ಹಾಸಿತ್ತು. ರಾತ್ರಿಯ ಊಟಕ್ಕೆ ಹಾಗಲಕಾಯಿ ಗೊಜ್ಜು, ಅವರೆಕಾಳಿನ ಹುಳಿ. ಸಾವಿತ್ರಿ ಕೊಟ್ಟು ಕಳಿಸಿದ ಚಕ್ಕುಲಿಯನ್ನು ಅಪರ್ಣ ಮುರಿದು ಬಾಯಿಗೆ ಹಾಕಿಕೊಂಡು, ‘ಅತ್ತೆ ಕೈ ರುಚಿ ಹಾಗೇ ಇದೆ’ ಎಂದಳು.

ಊಟವಾದ ಮೇಲೆ ಸಾವಿತ್ರಿಯ ಫೋನ್ ಬಂತು.

‘ಊಟ ಆಯ್ತಾ?’

‘ಆಯ್ತು.’

‘ಮಾತಾಡಿದ್ರಾ?’

‘ಈಗ ತಾನೇ ಬಂದಿದೀನಲ್ಲೇ.’

‘ಇವತ್ತು ಬೇಡ ಬಿಡಿ, ಸುಸ್ತಾಗಿರ್ತೀರಿ. ನಾಳೆ ಮಂಗಳವಾರ, ನಾಳೆ ಅಂತೂ ಬಾಯೇ ಬಿಡ್ಬೇಡಿ. ಸೊಸೇನ ಮನೆ ತುಂಬಿಸ್ಕೊಳ್ಳೋ ಮಾತು ಮಂಗಳವಾರ ಎತ್ತಬಾರ್ದು. ಬುಧವಾರ ಬೆಳಿಗ್ಗೆ ಕೂರಿಸ್ಕೊಂಡು ಹೇಳಿ. ಕ್ಯಾಲೆಂಡರ್ ನೋಡಿದೀನಿ, ಚೆನ್ನಾಗಿದೆ.’

ವಾರ ತಿಥಿಗಳನ್ನು ನಂಬುವವರನ್ನು ಮೇಷ್ಟ್ರು ಜೀವನವಿಡೀ ಗೇಲಿ ಮಾಡಿದವರು. ಗೇಲಿ ಮಾಡುತ್ತಲೇ ಸಾವಿತ್ರಿ ಹೇಳಿದ ದಿನವೇ ಗೃಹಪ್ರವೇಶ ಮಾಡಿದವರು, ಅವಳು ಹೇಳಿದ ದಿನವೇ ವಿಮಾನ ಹತ್ತಿದವರು. ಅವತ್ತು ಮಾತ್ರ ಅವರು ಗೇಲಿಯನ್ನೂ ಮಾಡಲಿಲ್ಲ. ಒಂದು ದಿನ ತಪ್ಪಿಸಿಕೊಳ್ಳಲು ನೆಪ ಸಿಕ್ಕಿತ್ತು, ಅದು ಪಂಚಾಂಗದಿಂದ ಸಿಕ್ಕರೇನು, ಎಲ್ಲಿಂದ ಸಿಕ್ಕರೇನು? ‘ಆಗಲಿ’ ಎಂದು ಫೋನಿಟ್ಟು, ಹೊಸ ಕಂಬಳಿ ಹೊದ್ದು ಹಾಯಾಗಿ ನಿದ್ದೆ ಮಾಡಿದರು.

ಮಂಗಳವಾರ ಅಪರ್ಣ ರಜೆ ಹಾಕಿದ್ದಳು. ಮಗಳನ್ನು ಶಾಲೆಗೆ ಬಿಟ್ಟು ಮಾವನನ್ನು ಪೇಟೆ ಬೀದಿಗೆ ಕರೆದುಕೊಂಡು ಹೋದಳು. ಅಲ್ಲಿ ಕಾಫಿ ಅಂಗಡಿಗಳ ಹೊರಗೆ ಗ್ರೀಕ್ ಮುದುಕರು ಸಾಲಾಗಿ ಕೂತು, ಕೈಯಲ್ಲಿ ಜಪಮಣಿಯಂಥದ್ದನ್ನು ತಿರುಗಿಸುತ್ತ, ಯಾರನ್ನೋ ಬೈಯುತ್ತಿದ್ದರು. ಭಾಷೆ ತಿಳಿಯದಿದ್ದರೂ ಸರ್ಕಾರವನ್ನೇ ಬೈಯುತ್ತಿದ್ದಾರೆ ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಕಾಫಿ ಮೈಸೂರಿನ ಕಾಫಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಸೊಸೆ ಎದುರಿಗೆ ಕೂತು ಲೈಬ್ರರಿಯ ಕಥೆಗಳನ್ನು ಹೇಳುತ್ತಿದ್ದಳು. ಸಿಡ್ನಿಯ ಮನೆಯಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಕೇಳಿರಲಿಲ್ಲ ಎಂಬುದನ್ನು ಆಗಲೇ ಗಮನಿಸಿದ್ದು.

ಸಂಜೆ ಸ್ಟಾವ್ರೋಲಾ ಒಂದು ಬಟ್ಟಲಿಗೆ ತಟ್ಟೆ ಮುಚ್ಚಿಕೊಂಡು ಬಂದಳು. ಕಪ್ಪು ಉಡುಪು, ಕಪ್ಪು ಸ್ಕಾರ್ಫ್. ಬಟ್ಟಲಲ್ಲಿ ಬೇಯಿಸಿದ ಗೋಧಿ, ಮೇಲೆ ಸಕ್ಕರೆ, ದಾಳಿಂಬೆ. ಸತ್ತವರ ಹೆಸರಿನಲ್ಲಿ ಮಾಡುವ ಪ್ರಸಾದವಂತೆ, ಚರ್ಚಿನಿಂದ ಬಂದದ್ದು.

‘ಯಾರು ತೀರಿಕೊಂಡಿದ್ದು?’ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರು.

‘ಯಾರೂ ಇಲ್ಲ. ಇವತ್ತು ನಮ್ಮ ಊರು ಬಿದ್ದ ದಿನ’ ಎಂದಳು ಮುದುಕಿ, ತನ್ನ ಮುರುಕು ಇಂಗ್ಲಿಷಿನಲ್ಲಿ.

ಮಾವ ಸೊಸೆ ಪರಸ್ಪರ ಮುಖ ನೋಡಿಕೊಂಡರು. ‘ಮೇ ಇಪ್ಪತ್ತೊಂಬತ್ತು’ ಎಂದಳು ಅಪರ್ಣ. ‘ಸಾವಿರದ ನಾನೂರ ಐವತ್ಮೂರು’ ಎಂದರು ಮೇಷ್ಟ್ರು. ಕನ್ನಡದಲ್ಲಿ ಹೇಳಿದ್ದರಿಂದ ಮುದುಕಿಗೆ ಅರ್ಥವಾಗಲಿಲ್ಲ. ಅವಳೂ ಆ ಕಾನ್‌ಸ್ಟಾಂಟಿನೋಪಲ್ಲನ್ನು ಕಂಡವಳಲ್ಲ, ಅವಳಜ್ಜಿಯೂ ಕಂಡಿರಲಿಲ್ಲ. ಆದರೂ ಹಿಂದಿನ ವಾರ ನೆರೆಮನೆಯಲ್ಲಿ ಸಾವಾದ ಹಾಗೆ ಕಣ್ಣೊರೆಸಿಕೊಂಡು, ‘ಅವತ್ತೂ ಮಂಗಳವಾರವೇ. ಅದಕ್ಕೇ ನಾವು ಮಂಗಳವಾರ ಏನನ್ನೂ ಶುರು ಮಾಡುವುದಿಲ್ಲ. ಮದುವೆ ಮಾಡುವುದಿಲ್ಲ, ಹೊಸ ಮನೆಗೆ ಹೋಗುವುದಿಲ್ಲ’ ಎಂದಳು.

ಮೇಷ್ಟ್ರಿಗಾದ ಸಂತೋಷ ಅಷ್ಟಿಷ್ಟಲ್ಲ. ಮೈಸೂರಿನಲ್ಲಿ ಬೇಡದ ವಾರ ಕಾನ್‌ಸ್ಟಾಂಟಿನೋಪಲ್ಲಿನಲ್ಲೂ ಬೇಡದ ವಾರ! ಮುದುಕಿಯನ್ನು ಕೂರಿಸಿ ಟೀ ಕುಡಿಸಿದರು, ಸಾವಿತ್ರಿಯ ಚಕ್ಕುಲಿ ತಿನ್ನಿಸಿದರು. ಅವಳು ಹೋದ ಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಮ್ರಾಜ್ಯದ ಏಳಿಗೆಯನ್ನು ಶುರು ಮಾಡಿದರು. ಅದು ಹದಿನಾರು ಅಂಕದ ಏಳಿಗೆಯಾಗಿರಲಿಲ್ಲ. ನೀರಿನ ಮೇಲೂ ಉರಿಯುವ ಬೆಂಕಿಯ ಗುಟ್ಟು, ಒಂದರ ಹಿಂದೆ ಒಂದು ಎದ್ದು ನಿಂತ ಕೋಟೆಗೋಡೆಗಳು, ಕುದುರೆ ಜೂಜಿನ ಮೈದಾನದಲ್ಲಿ ನೀಲಿ ಪಕ್ಷ ಹಸಿರು ಪಕ್ಷ ಎಂದು ಹೊಡೆದಾಡುವ ಜನ, ಎಲ್ಲವೂ ಬಂದವು. ‘ನಮ್ಮ ಕನ್ನಡ ಸಂಘದ ಎಲೆಕ್ಷನ್ ಇದ್ದ ಹಾಗೆ’ ಎಂದರು. ಸಂಯುಕ್ತಾ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುತ್ತಿದ್ದಳು. ಒಲೆಯ ಹತ್ತಿರ ಹುರುಳಿಕಾಯಿ ಹೆಚ್ಚುತ್ತಿದ್ದ ಅಪರ್ಣ, ಮೇಷ್ಟ್ರು ಇಸವಿ ತಪ್ಪಿದಾಗ ಅಲ್ಲಿಂದಲೇ ತಿದ್ದಿದಳು.

‘ಊರಲ್ಲಿ ದಂಗೆ ಎದ್ದಾಗ ಚಕ್ರವರ್ತಿ ಹೆದರಿ ದೋಣಿ ಹತ್ತಕ್ಕೆ ಹೊರಟ್ನಲ್ಲ, ಆಗ ರಾಣಿ ಏನಂದ್ಲು, ನೀನೇ ಹೇಳಮ್ಮ’ ಎಂದರು ಮೇಷ್ಟ್ರು.

ಅಪರ್ಣ ಕೈಯಲ್ಲಿ ಚಾಕು ಹಿಡಿದೇ ಹಾಲಿಗೆ ಬಂದು, ಗತ್ತಿನಿಂದ ನಿಂತು, ‘ಓಡಿಹೋಗೋರು ಹೋಗಿ, ದೋಣಿ ಸಿದ್ಧವಾಗಿದೆ. ನಾನು ಮಾತ್ರ ಈ ಮನೆ ಬಿಟ್ಟು ಬರೋಳಲ್ಲ’ ಎಂದಳು. ಸಂಯುಕ್ತಾ ಚಪ್ಪಾಳೆ ತಟ್ಟಿದಳು. ಮೂವರೂ ನಕ್ಕರು. ನಗು ನಿಂತ ಮೇಲೆ ಅಪರ್ಣ ಚಾಕುವನ್ನೇ ನೋಡುತ್ತ ಒಂದು ಗಳಿಗೆ ಅಲ್ಲೇ ನಿಂತಳು.

ಪತನ ನಾಳೆಗೆ ಎಂದು ಮೇಷ್ಟ್ರು ಪಾಠ ನಿಲ್ಲಿಸಿದರು. ಸಂಯುಕ್ತಾ ಹೋಮ್‌ವರ್ಕಿಗೆಂದು ಕೋಣೆಗೆ ಹೋದಳು. ಅಪರ್ಣ ಕೈ ಒರೆಸಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಮುಖದಲ್ಲಿ ಇನ್ನೂ ನಗುವಿನ ಬಿಸಿ ಇತ್ತು.

‘ಸರ್, ನೀವು ಏನೋ ಕೇಳಕ್ಕೆ ಅಂತಾನೇ ಬಂದಿದೀರ.’

‘ಹೌದಮ್ಮ.’

‘ಕೇಳಿ ಸರ್.’

ಮೇಷ್ಟ್ರಿಗೆ ನಾಲಗೆಯ ತುದಿಯವರೆಗೆ ಬಂತು. ಸಾವಿತ್ರಿ ನೆನಪಾದಳು, ಕಪ್ಪು ಸ್ಕಾರ್ಫಿನ ಮುದುಕಿ ನೆನಪಾದಳು. ಇಷ್ಟು ಚೆನ್ನಾಗಿ ಕಳೆದ ಸಂಜೆಯನ್ನು ಆ ಮಾತೆತ್ತಿ ಕೆಡಿಸುವುದೇ ಎಂದೂ ಅನ್ನಿಸಿತು. ‘ನಾಳೆ ಮಾತಾಡೋಣಮ್ಮ. ಇವತ್ತು ಮಂಗಳವಾರ’ ಎಂದರು.

ಅಪರ್ಣ ಅವರನ್ನೇ ನೋಡಿದಳು. ‘ಪರ್ವಾಗಿಲ್ಲ ಸರ್, ಇವತ್ತೇ ಕೇಳಿ.’

‘ಬೇಡ ಬೇಡ, ನಾಳೆ ಬೆಳಿಗ್ಗೆ.’

‘ಸರಿ’ ಎಂದು ಅವಳು ಎದ್ದು ಪಲ್ಯಕ್ಕೆ ಒಗ್ಗರಣೆ ಹಾಕಲು ಹೋದಳು.

ಬುಧವಾರ ಮೇಷ್ಟ್ರು ಬೇಗ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಮೇಜಿನ ಮುಂದೆ ಕೂತರು. ಸಂಯುಕ್ತಾಳನ್ನು ಶಾಲೆಗೆ ಬಿಟ್ಟು ಬಂದ ಅಪರ್ಣ, ಲೈಬ್ರರಿಗೆ ಹೊರಡಲು ಇನ್ನೂ ಹೊತ್ತಿದೆ ಎಂದು ಎದುರಿಗೆ ಕೂತಳು. ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ, ಅವರ ಬಾಯಿಂದ ಬಂದದ್ದು ‘ಮನೆಗೆ ಬಾಮ್ಮ’ ಎಂಬುದೊಂದೇ. ಅಪರ್ಣ ಎದುರಿಗಿದ್ದ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಮೇಷ್ಟ್ರು ತಮಗೆ ಅಭ್ಯಾಸವಿದ್ದ ಪ್ರಶ್ನೆಯನ್ನೇ ಕೇಳಿದರು. ‘ಏನು ಕಾರಣಮ್ಮ? ಅದನ್ನಾದ್ರೂ ಹೇಳು.’

‘ಕಾರಣ ಬೇಕಂದ್ರೆ ನಾನೂ ಏಳು ಬರೆಸ್ತೀನಿ ಸರ್’ ಎಂದಳು ಅಪರ್ಣ. ದನಿಯಲ್ಲಿ ಕೊಂಕಿರಲಿಲ್ಲ. ‘ಚಿರಂತನ್ ಮಾತಾಡಲ್ಲ. ಅವ್ರು ಆಡಲ್ಲ ಅಂತ ನಾನೂ ಬಿಟ್ಟೆ. ಮಾರ್ಟ್‌ಗೇಜ್ ಕಟ್ಟಾಯ್ತಾ, ಕಸದ ಬಿನ್ ಯಾವತ್ತು ಹೊರಗಿಡ್ಬೇಕು, ಅಷ್ಟೇ ಮಾತು. ಅವ್ರು ಕೆಟ್ಟೋರಲ್ಲ ಸರ್. ಒಂದಿನ ಕೈ ಎತ್ತಿದೋರಲ್ಲ, ಬೈದೋರಲ್ಲ. ನಾನೂ ಒಳ್ಳೇವ್ಳೇ ಅಂದ್ಕೊಂಡಿದೀನಿ. ಆದ್ರೆ ಇದೆಲ್ಲ ಐದು ವರ್ಷದ ಹಿಂದೇನೂ ಹೀಗೇ ಇತ್ತು. ಆಗ ನಾನು ಹೊರಡ್ಲಿಲ್ಲ. ಹೋದ ವರ್ಷ ಯಾಕೆ ಹೊರಟೆ ಅಂತ ನಂಗೂ ಗೊತ್ತಿಲ್ಲ.’

‘ಗೊತ್ತಿಲ್ದಿದ್ರೆ ಸರಿಮಾಡ್ಕೋಬಹುದಲ್ಲಮ್ಮ.’

‘ಗೊತ್ತಿದ್ರೆ ಸರಿಮಾಡ್ಬಹುದಿತ್ತು ಸರ್.’

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಪರ್ಣ ಮುಂದುವರಿಸಿದಳು. ‘ನಿನ್ನೆ ಸಾಯಂಕಾಲ ನೀವು ಕೇಳಿದ್ದಿದ್ರೆ ಹೂಂ ಅಂದ್ಬಿಡ್ತಿದ್ದೆ. ನಿಮ್ಮ ಜೊತೆ ಕಥೆ ಹೇಳ್ತಾ, ಅಡುಗೆ ಮಾಡ್ತಾ, ಇದೂ ಒಂದು ಮನೇನೇ ಅಲ್ವಾ, ಹೋಗ್ಬಿಡೋಣ ಅನ್ನಿಸ್ಬಿಡ್ತು. ಸುಳ್ಳಲ್ಲ ಸರ್, ನಿಜವಾಗ್ಲೂ ಅನ್ನಿಸ್ತು. ಅದಕ್ಕೇ ಕೇಳಿ ಅಂದೆ. ಬೆಳಿಗ್ಗೆ ಎದ್ದಾಗ ಅದು ಇರ್ಲಿಲ್ಲ. ಹಲ್ಲುಜ್ಜೋವಾಗ್ಲೂ ಹುಡುಕಿದೆ. ಇಲ್ಲ.’

‘ಇವತ್ತು ಸಾಯಂಕಾಲ ಇನ್ನೊಂದ್ಸಲ ಕೇಳ್ತೀನಮ್ಮ’ ಎಂದರು ಮೇಷ್ಟ್ರು. ಹೇಳುವಾಗ ತಮ್ಮ ದನಿ ತಮಗೇ ಕೇಳಲಾಗಲಿಲ್ಲ.

‘ಕೇಳ್ಬೇಡಿ ಸರ್. ನೀವು ಕೇಳೋದನ್ನ ನೋಡಕ್ಕಾಗಲ್ಲ ನಂಗೆ.’

ಅವಳು ಎದ್ದು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ಮಧ್ಯಾಹ್ನದ ಊಟ ಫ್ರಿಜ್ಜಿನಲ್ಲಿದೆ ಎಂದು ತೋರಿಸಿ ಕೆಲಸಕ್ಕೆ ಹೋದಳು. ಮೇಷ್ಟ್ರು ಆ ಕ್ಷಣ ಯಾರ ಮೇಲೆ ಸಿಟ್ಟಾಗಬೇಕೆಂದು ನೋಡಿದರು. ಹೆಂಡತಿಯ ಮೇಲೆ ಆಗೋಣವೆಂದರೆ ಅವಳು ಹೇಳಿದ್ದು ಮನೆ ಉಳಿಯಲಿ ಎಂದು. ಸೊಸೆಯ ಮೇಲೆ ಆಗೋಣವೆಂದರೆ ಅವಳು ಎರಡು ಸಲ ಕೇಳಿ ಎಂದಿದ್ದಳು. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಅವರಿಗೆ ಬಂದದ್ದು ಅಳು, ಅದೂ ಖಾಲಿ ಮನೆಯಲ್ಲಿ.

ಮಧ್ಯಾಹ್ನ ಸಾವಿತ್ರಿ ಫೋನ್ ಮಾಡಿದರು. ಮೊದಲ ಪ್ರಶ್ನೆಯೇ, ‘ನಿನ್ನೆ ಏನೂ ಮಾತಾಡ್ಲಿಲ್ಲ ತಾನೇ?’

‘ಇಲ್ಲ.’

‘ಒಳ್ಳೇದಾಯ್ತು. ಮತ್ತೆ ಇವತ್ತು?’

ಮೇಷ್ಟ್ರಿಗೆ ಇರುವುದನ್ನು ಇರುವ ಹಾಗೆ ಹೇಳುವ ಧೈರ್ಯ ಬರಲಿಲ್ಲ. ‘ಮಾತು ಶುರುವಾಗಿದೆ. ಬಂದು ಹೇಳ್ತೀನಿ’ ಎಂದರು. ಆ ಕಡೆ ಸಾವಿತ್ರಿ ದೇವರ ಹೆಸರು ಹೇಳಿಕೊಂಡದ್ದು ಕೇಳಿಸಿತು. ಆಗಲೇ ತಿದ್ದಬೇಕಿತ್ತು. ತಿದ್ದಲಿಲ್ಲ.

ಮುಂದಿನ ಎರಡು ದಿನ ಅಪರ್ಣ ಅವರನ್ನು ನೋಡಿಕೊಂಡ ಹಾಗೆ ಅವರ ತಾಯಿಯೂ ನೋಡಿಕೊಂಡಿರಲಿಲ್ಲ. ಗುರುವಾರ ಟ್ರಾಮಿನಲ್ಲಿ ಊರು ಸುತ್ತಿಸಿದಳು. ಕಾಲು ನೋಯುತ್ತದೆ ಎಂದರೆ ಟ್ಯಾಕ್ಸಿ ಹಿಡಿದಳು. ಮಾರ್ಕೆಟ್ಟಿನಲ್ಲಿ ಕುರಿಯ ಉಣ್ಣೆಯ ಸ್ವೆಟರ್ ಕೊಂಡು, ಬೇಡ ಬೇಡ ಎಂದರೂ ಅಲ್ಲೇ ತೊಡಿಸಿದಳು. ಅದರ ಗುಂಡಿ ಹಾಕುವಾಗ ಮೇಷ್ಟ್ರಿಗೆ ಪ್ಯಾರಿಸಿನ ಬಿಳಿ ಕುದುರೆಯ ಅರ್ಥ ತಿಳಿಯಿತು. ಆ ರಾಜರು ಮ್ಯಾನ್ಯುಯೆಲ್‌ಗೆ ಅಷ್ಟು ಉಪಚಾರ ಮಾಡಿದ್ದು ಕೊಡಬೇಕಾದ್ದನ್ನು ಕೊಡುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿದ್ದರಿಂದ. ಅದರಲ್ಲಿ ಮೋಸವೇನಿರಲಿಲ್ಲ. ಅವರಿಗೆ ನಿಜವಾಗಿಯೂ ಅವನ ಮೇಲೆ ಪ್ರೀತಿಯಿತ್ತು. ಇಷ್ಟು ವರ್ಷ ಇದನ್ನು ಹುಡುಗರಿಗೆ ತಮಾಷೆ ಮಾಡಿ ಹೇಳಿದ್ದಕ್ಕೆ ಮೇಷ್ಟ್ರಿಗೆ ನಾಚಿಕೆಯಾಯಿತು.

ಶುಕ್ರವಾರ ಸಂಜೆ ಸಂಯುಕ್ತಾ ಬಿಡಲಿಲ್ಲ. ಉಳಿದ ಕಥೆ ಹೇಳಲೇಬೇಕೆಂದಳು. ಮೇಷ್ಟ್ರು ಹೇಳಿದರು. ದೊಡ್ಡ ಫಿರಂಗಿ, ಗುಡ್ಡದ ಮೇಲೆ ಎಳೆದು ತಂದ ಹಡಗುಗಳು, ಬರುತ್ತವೆ ಎಂದು ಕಾದು ಬಾರದೇ ಹೋದ ಹಡಗುಗಳು, ಕೊನೆಯ ಚಕ್ರವರ್ತಿ ಕೋಟೆಗೋಡೆಯ ಬಿರುಕಿನತ್ತ ನಡೆದು ಕಾಣದಾದದ್ದು. ಏಳು ಕಾರಣಗಳನ್ನು ಹೇಳಲಿಲ್ಲ. ಅಪರ್ಣ ಅಡುಗೆಮನೆಯಲ್ಲೇ ಇದ್ದಳು, ಆದರೆ ಈ ಸಲ ನಡುವೆ ಬಾಯಿ ಹಾಕಲಿಲ್ಲ.

ಸಂಯುಕ್ತಾ ಕೇಳಿದ್ದು ಒಂದೇ ಪ್ರಶ್ನೆ. ಅದನ್ನು ಮಾತ್ರ ಕನ್ನಡದಲ್ಲಿ ಕೇಳಿದಳು. ‘ಅಲ್ಲಿದ್ದ ಮಕ್ಕಳು ಏನಾದ್ರು ತಾತ?’

ಮೇಷ್ಟ್ರ ವೃತ್ತಿಜೀವನದಲ್ಲಿ ಯಾವ ವಿದ್ಯಾರ್ಥಿಯೂ ಅದನ್ನು ಕೇಳಿರಲಿಲ್ಲ. ಉತ್ತರ ಅವರಿಗೆ ಗೊತ್ತಿತ್ತು. ಗೆದ್ದವರು ಮಕ್ಕಳನ್ನು ಹಂಚಿಕೊಂಡರು. ಒಂದು ಮಗು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ‘ಎಲ್ರೂ ಚೆನ್ನಾಗಿದ್ರು ಪುಟ್ಟ’ ಎಂದರು. ಅವರು ಚರಿತ್ರೆಯಲ್ಲಿ ಗೊತ್ತಿದ್ದೂ ಹೇಳಿದ ಮೊದಲ ಸುಳ್ಳು ಅದು. ಹುಡುಗಿ ನಂಬಿದಳೋ ಇಲ್ಲವೋ, ತಲೆಯಾಡಿಸಿ ಟಿವಿ ಹಾಕಿಕೊಂಡಳು.

ಶನಿವಾರ ಮಧ್ಯಾಹ್ನದ ವಿಮಾನ. ಮೆಲ್ಬರ್ನಿನ ನಿಲ್ದಾಣದಲ್ಲಿ ಅಪರ್ಣ ಮತ್ತೆ ಕಾಲಿಗೆ ಬಿದ್ದು, ‘ಅಲ್ಲಿ ಎಲ್ರಿಗೂ ಹೇಳ್ಬಿಡಿ ಸರ್. ಟ್ರಾನ್ಸ್‌ಫರ್ ಅಂತ ಹೇಳ್ಬೇಡಿ ಇನ್ಮೇಲೆ’ ಎಂದಳು. ಮೇಷ್ಟ್ರು ಆಗಲೆಂದರು. ಮಂಗಳವಾರದ ವಿಷಯವನ್ನು ಸಾವಿತ್ರಿಗಾಗಲಿ ಮಗನಿಗಾಗಲಿ ಸಾಯುವ ತನಕ ಹೇಳುವುದಿಲ್ಲ ಎಂಬುದೊಂದನ್ನು ಮಾತ್ರ ಸೀಟಿನಲ್ಲಿ ಕೂತ ಮೇಲೆ ತೀರ್ಮಾನ ಮಾಡಿಕೊಂಡರು. ಉಳಿದದ್ದಕ್ಕೆ ಅಷ್ಟು ಯೋಚನೆಯಿರಲಿಲ್ಲ. ಚಿರಂತನ್‌ಗೆ ಹೇಳುವುದು ಕಷ್ಟವಾಗಲಾರದು, ಅವನಿಗೇನು, ಬೇಕೆಂದಿದ್ದರೆ ತಾನೇ ಹೋಗುತ್ತಿದ್ದ ಎಂದುಕೊಂಡರು.

ಸಿಡ್ನಿಯಲ್ಲಿ ಇಳಿದಾಗ ಮಗ ಕೆಳಗೆ ಕಾರಿನ ಹತ್ತಿರ ನಿಂತಿರುತ್ತಾನೆ ಎಂದುಕೊಂಡಿದ್ದರು. ಅವನು ಮೇಲೆ, ವಿಮಾನದಿಂದ ಹೊರಬರುವ ಬಾಗಿಲಿಗೇ ಬಂದು ನಿಂತಿದ್ದ. ದೇಶದೊಳಗಿನ ವಿಮಾನಗಳಿಗೆ ಇಲ್ಲಿ ಅಲ್ಲಿಯವರೆಗೂ ಬಿಡುತ್ತಾರೆ. ಗಡ್ಡ ಬೋಳಿಸಿಕೊಂಡಿದ್ದ. ಮದುವೆಯ ವಾರ್ಷಿಕೋತ್ಸವಕ್ಕೆಂದು ಯಾವಾಗಲೋ ತೆಗೆಸಿದ್ದ ನೀಲಿ ಶರ್ಟು ತೊಟ್ಟಿದ್ದ. ಉಗುರಿನ ಸಂದಿಯಲ್ಲಿ ಹಳದಿ ಪೇಂಟ್ ಒಣಗಿ ಅಂಟಿತ್ತು. ಸಾವಿತ್ರಿ ಶುಕ್ರವಾರ ಫೋನಿನಲ್ಲಿ ಹೇಳಿದ್ದು ಆಗ ನೆನಪಾಯಿತು, ಮೇಷ್ಟ್ರು ಅದಕ್ಕೆ ಕಿವಿಗೊಟ್ಟಿರಲಿಲ್ಲ: ಬುಧವಾರ ಸಂಜೆಯಿಂದ ಚಿರಂತನ್ ರಜೆ ಹಾಕಿ ಸಂಯುಕ್ತಾಳ ಕೋಣೆಗೆ ಬಣ್ಣ ಹೊಡೆಯುತ್ತ ಕೂತಿದ್ದಾನೆ, ಯಾಕೆ ಅಂತ ಕೇಳಿದರೆ ಮಾತೇ ಆಡುವುದಿಲ್ಲ.

ಚಿರಂತನ್ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಲಿಲ್ಲ. ಅವನ ಕಣ್ಣು ಅಪ್ಪನ ಭುಜದ ಮೇಲಿಂದ ಹಾದು ಹಿಂದೆ ಬರುತ್ತಿದ್ದವರ ಮೇಲಿತ್ತು. ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಬಂದಳು, ಅವನು ಒಂದು ಹೆಜ್ಜೆ ಮುಂದಿಟ್ಟು ನಿಂತ.

‘ಒಬ್ರೇನಾ?’ ಎಂದ.

‘ಹೂಂ ಕಣೋ.’

‘ಒಟ್ಟಿಗೆ ಟಿಕೆಟ್ ಸಿಗ್ಲಿಲ್ವಾ?’

ಮೇಷ್ಟ್ರು ಮಗನ ಮುಖ ನೋಡಿದರು. ಇವನಿಗೆ ಬೇಕಿತ್ತು. ವರ್ಷವಿಡೀ ಇವನಿಗೆ ಬೇಕಾಗಿತ್ತು, ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿರಲಿಲ್ಲ, ತಾವೂ ಒಂದೇ ಒಂದು ಸಲ ಕೇಳಿರಲಿಲ್ಲ. ‘ಇಲ್ಲಪ್ಪ. ಅವ್ರು ಬರಲ್ಲ’ ಎಂದರು.

‘ಗೊತ್ತಿತ್ತು’ ಎಂದ ಚಿರಂತನ್. ಹಾಗೆಂದವನು ಕದಲಲಿಲ್ಲ.

‘ಹೋಗೋಣ್ವಾ? ಅಮ್ಮ ಕಾಯ್ತಿರ್ತಾಳೆ.’

‘ಸ್ವಲ್ಪ ಇರಿ ಅಪ್ಪ.’

ಸೂಟು ತೊಟ್ಟವರು, ಹುಡುಗರ ಗುಂಪು, ಗಾಲಿಕುರ್ಚಿಯ ಮುದುಕ, ಎಲ್ಲರೂ ಇಳಿದು ಹೋದರು. ಕೊನೆಗೆ ಪೈಲಟ್, ಅವನ ಹಿಂದೆ ಗಗನಸಖಿಯರು ನಗುತ್ತ ಬಂದರು. ಗೇಟಿನ ಹುಡುಗಿ ಬಾಗಿಲೆಳೆದು ಬೀಗ ಹಾಕಿ, ಇವರಿಬ್ಬರ ಕಡೆ ಒಮ್ಮೆ ನೋಡಿ ಹೊರಟುಹೋದಳು. ಚಿರಂತನ್ ಇನ್ನೂ ಬಾಗಿಲ ಕಡೆಯೇ ನೋಡುತ್ತಿದ್ದ. ಮೇಷ್ಟ್ರು ಬ್ಯಾಗನ್ನು ಕೆಳಗಿಟ್ಟು ಅವನ ಪಕ್ಕದಲ್ಲಿ ನಿಂತುಕೊಂಡರು.